ಬೆಣ್ಣೆ ಹಚ್ಚದೆ ಮೆಚ್ಚುವುದು: ಗುರುತಿಲ್ಲದವರಿಗೆ ಒಂದು ಒಳ್ಳೆ ಮಾತು ಹೇಳುವ ಸಮಗ್ರ ಮಾರ್ಗದರ್ಶಿ

ದಾವಣಗೆರೆಯ ದೋಸೆ ಹೋಟೆಲಿನಲ್ಲಿ ಕಾವಲಿ ಮುಂದೆ ನಿಂತವರನ್ನು ಬೆಳಗಿನಿಂದ ಎಷ್ಟೋ ಜನ ಮಾತಾಡಿಸುತ್ತಾರೆ. ‘ಇನ್ನೆಷ್ಟೊತ್ತು ರೀ?’, ‘ನಮ್ದು ಎರಡು ಬೆಣ್ಣೆ, ಒಂದು ಖಾಲಿ’, ‘ಚಟ್ನಿ ಕಳಸ್ರಿ’. ತಿಂದು ಕೈ ತೊಳೆದವರು ನೇರ ಗಲ್ಲಾದ ಕಡೆ ಹೋಗುತ್ತಾರೆ. ದೋಸೆ ಚೆನ್ನಾಗಿತ್ತು ಅನ್ನುವ ಮಾತು ಜೊತೆಗೆ ಬಂದ ಗೆಳೆಯನ ಕಿವಿಗೆ ಬೀಳುತ್ತದೆ, ಇಲ್ಲವೇ ರಾತ್ರಿ ಗೂಗಲ್ ರಿವ್ಯೂಗೆ ಹೋಗುತ್ತದೆ. ಹಿಟ್ಟು ಹೊಯ್ದವರಿಗೆ ಮಾತ್ರ ತಲುಪುವುದಿಲ್ಲ.

ಆ ಮಾತನ್ನು ಅವರಿಗೇ ತಲುಪಿಸುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ. ದೋಸೆಯವರಿಗೆ ಮಾತ್ರವಲ್ಲ, ಬಸ್ಸಿನ ಕಂಡಕ್ಟರಿಗೆ, ಆಸ್ಪತ್ರೆಯ ಆಯಾಗೆ, ಚಳ್ಳಕೆರೆಯ ಕಂಬಳಿ ನೇಕಾರರಿಗೆ, ಎಪಿಎಂಸಿಯ ಹಮಾಲರಿಗೆ. ಕೇಳಲು ಸುಲಭ. ಆದರೆ ಗುರುತಿಲ್ಲದವರಿಗೆ ಹೇಳುವ ಮೆಚ್ಚುಮಾತುಗಳಲ್ಲಿ ಬಹಳಷ್ಟು ಹೇಳುವ ರೀತಿಯಿಂದಲೇ ಕೆಡುತ್ತವೆ. ಇಡೀ ಕೆಲಸದಲ್ಲಿ ಮಾತಿನ ಪಾಲು ಚಿಕ್ಕದು. ಮೊದಲು ಸರಿಯಾಗಿ ನೋಡಬೇಕು, ಕೊನೆಗೆ ಸರಿಯಾಗಿ ಹೊರಡಬೇಕು. ಇವೆರಡು ಕೂಡಿಬಂದರೆ ನಡುವಿನ ಮಾತು ತೊದಲಿದರೂ ನಡೆಯುತ್ತದೆ.

ನಾಲಿಗೆ ಯಾಕೆ ತಡೆಯುತ್ತದೆ

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಎರಿಕಾ ಬೂತ್‌ಬಿ ಮತ್ತು ವನೆಸ್ಸಾ ಬೋನ್ಸ್ 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ಕೆದಕಿತ್ತು. ಗುರುತಿಲ್ಲದವರೊಬ್ಬರಿಗೆ ಮೆಚ್ಚುಮಾತು ಹೇಳಿಬರಲು ಜನರನ್ನು ಕಳಿಸಿದರು. ಹೋಗುವ ಮೊದಲು, ಎದುರಿನವರಿಗೆ ಎಷ್ಟು ಖುಷಿಯಾದೀತು, ಎಷ್ಟು ಮುಜುಗರವಾದೀತು ಎಂದು ಅಂದಾಜು ಕೇಳಿದರು. ಆಮೇಲೆ ಕೇಳಿಸಿಕೊಂಡವರನ್ನೂ ವಿಚಾರಿಸಿದರು. ಖುಷಿ ಅಂದಾಜಿಗಿಂತ ಹೆಚ್ಚಿತ್ತು, ಮುಜುಗರ ಅಂದಾಜಿಗಿಂತ ಕಡಿಮೆ. ಅದೇ ವರ್ಷ ಶುವಾನ್ ಜಾವ್ ಮತ್ತು ನಿಕೊಲಸ್ ಎಪ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಕಾರಣದ ಕಡೆ ಬೆರಳು ತೋರಿಸಿತು: ಹೇಳುವವರು ‘ನಾನು ಸರಿಯಾಗಿ ಹೇಳ್ತೀನಾ’ ಎಂದು ಚಿಂತಿಸುತ್ತಾರೆ, ಕೇಳುವವರು ಮಾತಿನ ಹಿಂದಿನ ಪ್ರೀತಿಯನ್ನು ಹೆಚ್ಚು ಗಮನಿಸುತ್ತಾರೆ. ಮಾತು ತೊದಲಿದರೂ ನಡೆಯುತ್ತದೆ ಎಂದದ್ದು ಇದಕ್ಕೇ.

ಆದರೆ ಅವು ಅಲ್ಲಿನ ಜನರ ನಡುವೆ ನಡೆದ ಅಧ್ಯಯನಗಳು. ನಮ್ಮ ಕಡೆ ಇನ್ನೆರಡು ತಡೆಗಳಿವೆ. ಒಂದು, ಗುರುತಿಲ್ಲದವರು ಹೊಗಳಿದರೆ ಹಿಂದೆ ಏನೋ ಕೆಲಸವಿದೆ ಎಂಬ ಅನುಮಾನ. ಓಟು ಕೇಳುವವರು, ಪಾಲಿಸಿ ಮಾಡಿಸುವವರು, ಚೀಟಿಗೆ ಸೇರಿಸುವವರು ಎಲ್ಲರೂ ಹೊಗಳಿಕೆಯಿಂದಲೇ ಶುರುಮಾಡುವುದರಿಂದ ಈ ಅನುಮಾನಕ್ಕೆ ಬಲವಾದ ಆಧಾರವೇ ಇದೆ. ಇನ್ನೊಂದು, ದೃಷ್ಟಿ ತಾಗುವ ಭಯ. ಮಗು, ದನ, ಬೆಳೆ, ವ್ಯಾಪಾರ ಯಾವುದನ್ನು ಹೊಗಳಿದರೂ ಕಣ್ಣು ಬಿತ್ತು ಎಂಬ ಅಳುಕು. ಮುಂದಿನ ಹಂತಗಳೆಲ್ಲ ಈ ಎರಡು ತಡೆಗಳನ್ನು ಲೆಕ್ಕಕ್ಕೆ ಹಿಡಿದೇ ಹೇಳಿದವು.

ಹಂತ 1: ನೋಡುವುದು

‘ಸೂಪರ್’, ‘ಬೆಂಕಿ’, ‘ಅದ್ಭುತ’ ಇವು ನೋಡದೆಯೂ ಹೇಳಬಹುದಾದ ಮಾತುಗಳು. ಅದಕ್ಕೇ ಕೇಳಿದವರಿಗೆ ತಾಗುವುದಿಲ್ಲ. ಕೆಲಸ ಮಾಡುವವರಿಗೆ ತಮ್ಮ ಕೆಲಸದಲ್ಲಿ ಯಾವುದು ಕಷ್ಟ ಎಂಬುದು ಗೊತ್ತಿರುತ್ತದೆ. ನೀವು ಆ ಕಷ್ಟದ ಜಾಗವನ್ನು ಹೆಸರಿಸಿದರೆ ಅವರು ತಲೆ ಎತ್ತಿ ನೋಡುತ್ತಾರೆ. ಹಾಗಾಗಿ ಪ್ರತಿ ಕೆಲಸದಲ್ಲೂ ಸುಮ್ಮನೆ ಕೆಡಬಹುದಾದದ್ದು ಏನು, ಇಲ್ಲಿ ಯಾಕೆ ಕೆಟ್ಟಿಲ್ಲ ಎಂದು ನೋಡಿ.

ಕಟ್ಟಿಗೆ ಒಲೆಯ ಮೇಲಿನ ದೊಡ್ಡ ಕಾವಲಿಯಲ್ಲಿ ಶಾಖ ಎಲ್ಲೆಡೆ ಒಂದೇ ಸಮ ಇರುವುದಿಲ್ಲ. ಉರಿ ತಾಗುವ ಕಡೆ ದೋಸೆ ಕರಕಲಾಗುತ್ತದೆ, ಅಂಚಿನಲ್ಲಿ ಬಿಳಿ ಉಳಿಯುತ್ತದೆ. ನೀರು ಚಿಮುಕಿಸಿ, ಒರೆಸಿ, ಕಟ್ಟಿಗೆ ಹಿಂದಕ್ಕೆಳೆದು, ಮುಂದಕ್ಕೆ ತಳ್ಳಿ ಆ ಶಾಖವನ್ನು ಹಿಡಿತದಲ್ಲಿಡುವುದೇ ಅವರ ವಿದ್ಯೆ. ನಿಮ್ಮ ತಟ್ಟೆಯ ದೋಸೆ ಅಂಚಿನಿಂದ ನಡುವಿನವರೆಗೆ ಒಂದೇ ಬಣ್ಣವಿದ್ದು, ಒಳಗೆ ಮೆತ್ತಗಿದ್ದರೆ ಹೇಳಬೇಕಾದ ಮಾತು ಸಿಕ್ಕಂತೆ.

ಸಂಜೆಯ ಮಂಡಕ್ಕಿ ಮೆಣಸಿನಕಾಯಿಗೂ ಹೀಗೆಯೇ. ಎಣ್ಣೆ ಕಾಯದೆ ಮೆಣಸಿನಕಾಯಿ ಬಿಟ್ಟರೆ ಹಿಟ್ಟು ಎಣ್ಣೆ ಕುಡಿಯುತ್ತದೆ, ಹೆಚ್ಚು ಕಾದರೆ ಹೊರಗೆ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ. ತಿಂದ ಮೇಲೆ ಕಾಗದ ನೋಡಿ. ಎಣ್ಣೆ ಕಲೆ ಕಡಿಮೆಯಿದ್ದರೆ ಬಾಣಲೆ ಮುಂದಿನವರ ಕೈ ಪಳಗಿದ್ದು. ಮಂಡಕ್ಕಿ ಭಟ್ಟಿಯಲ್ಲಿ ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿಯುತ್ತಾರೆ. ಕಾಳು ಒಂದೇ ಸಮ ಅರಳಿದ್ದು, ಹಲ್ಲಿಗೆ ಮರಳು ಸಿಗದಿದ್ದರೆ ಅದು ಆ ಬಿಸಿಯ ಮುಂದೆ ನಿಂತವರ ಹುಷಾರು. ‘ಮಂಡಕ್ಕಿ ಚೆನ್ನಾಗೈತಿ’ ಅಂದರೆ ಅದು ಅಂಗಡಿಗೆ ಹೋಗುತ್ತದೆ. ‘ಒಂದು ಕಾಳು ಮರಳು ಸಿಗ್ಲಿಲ್ಲ ಭಾಯ್’ ಅಂದರೆ ಜರಡಿ ಹಿಡಿದವರಿಗೆ ಹೋಗುತ್ತದೆ.

ದಾವಣಗೆರೆ–ಚಿತ್ರದುರ್ಗದ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ ಗಮನಿಸಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಂದಿನಿಂದ ಹೆಣ್ಣುಮಕ್ಕಳಿಗೂ ಒಬ್ಬೊಬ್ಬರಿಗೆ ಗುರುತಿನ ಚೀಟಿ ನೋಡಿ ಶೂನ್ಯ ಟಿಕೆಟ್ ಕೊಡಬೇಕು, ಜೊತೆಗೆ ಗಂಡಸರ ಚಿಲ್ಲರೆ ಲೆಕ್ಕ, ನಿಲ್ದಾಣ ಬಂದಾಗ ಬಾಗಿಲ ಕಡೆ ಕಣ್ಣು. ಅಷ್ಟರ ನಡುವೆ ಅಜ್ಜಿಯೊಬ್ಬರ ಎರಡೂ ಕಾಲು ನೆಲ ಮುಟ್ಟುವವರೆಗೆ ‘ರೈಟ್’ ಹೇಳದೆ ಕಾದರೆ ಅದು ಕಣ್ಣಿಗೆ ಬೀಳಬೇಕಾದ ಕೆಲಸ. ಡ್ರೈವರ್ ಬಗ್ಗೆ ಹೇಳುವುದಾದರೆ ಬ್ರೇಕ್ ನೋಡಿ. ನಿಂತವರು ಮುಂದಕ್ಕೆ ಮುಗ್ಗರಿಸದಂತೆ ಬಸ್ಸು ನಿಂತಿತೇ?

ಮೊಳಕಾಲ್ಮುರಿನ ರೇಷ್ಮೆ ಸೀರೆ ನೋಡುವವರು ಸೆರಗಿನ ಹೊಳಪಿಗೇ ಮರುಳಾಗುತ್ತಾರೆ. ಸೀರೆ ತಿರುವಿ ಹಿಂಬದಿ ನೋಡಿ, ಅಂಚು ಒಡಲಿಗೆ ಕೂಡುವ ಜಾಗ ನೋಡಿ. ಅಲ್ಲಿ ಎಳೆ ಜೋತಾಡದೆ, ಸುಕ್ಕು ಬೀಳದೆ ಇದ್ದರೆ ಅದನ್ನೇ ಹೇಳಿ. ಚಳ್ಳಕೆರೆ ಕಡೆಯ ಕರಿ ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕುತ್ತಾರೆ. ಅದು ಒಂದು ಕಡೆ ದಪ್ಪ, ಒಂದು ಕಡೆ ತೆಳು ಹಿಡಿದರೆ ಕಂಬಳಿ ಮಡಿಸಿದಲ್ಲಿ ಸೆಟೆಯುತ್ತದೆ. ಅಂಗೈ ಆಡಿಸಿ ನೋಡಿದವರಿಗೆ ಗೊತ್ತಾಗುತ್ತದೆ. ಹೀಗೆ ಮುಟ್ಟಿ ನೋಡಿ ಹೇಳಿದ ಗಿರಾಕಿಯನ್ನು ನೇಕಾರರು ಬೇಗ ಮರೆಯುವುದಿಲ್ಲ.

ಚಿತ್ರದುರ್ಗದ ಕೋಟೆಯಲ್ಲಿ ಗೈಡ್ ಕಥೆ ಹೇಳುವುದು ಎಲ್ಲರಿಗೂ ಕೇಳಿಸುತ್ತದೆ. ಒನಕೆ ಓಬವ್ವನ ಕಿಂಡಿಯ ಹತ್ತಿರ ಗುಂಪು ನುಗ್ಗಿದಾಗ ಕುಳ್ಳಗಿರುವ ಮಕ್ಕಳನ್ನು ಮುಂದೆ ಬಿಟ್ಟು, ಹಿಂದೆ ಉಳಿದ ವಯಸ್ಸಾದವರು ಬರುವವರೆಗೆ ಮಾತು ಶುರುಮಾಡದೆ ನಿಂತದ್ದು ಕಾಣುವುದು ಕೆಲವರಿಗೆ ಮಾತ್ರ.

ಹಂತ 2: ಮಾತು ಕಟ್ಟುವುದು

ಮಾತಿಗೆ ಮೂರು ತುಂಡು ಸಾಕು. ಕರೆಯುವ ಪದ, ನೀವು ಕಂಡದ್ದು, ಅದರಿಂದ ನಿಮಗೆ ಆದದ್ದು. ಎಲ್ಲ ಸೇರಿ ಹತ್ತು ಹದಿನೈದು ಪದ, ಒಂದು ಉಸಿರಿನೊಳಗೆ ಮುಗಿಯಬೇಕು.

‘ಅಣ್ಣ, ದೋಸೆ ಅಂಚಿಂದ ನಡುವಿನ ತನಕ ಒಂದೇ ಸಮ ಬೆಂದೈತಿ. ಭಾಳ ದಿನಕ್ಕೆ ಹಿಂಗ್ ತಿಂದೆ.’

‘ಸರ್, ಅಜ್ಜಿ ಇಳಿಯೋ ತನಕ ನೀವು ರೈಟ್ ಹೇಳ್ಲಿಲ್ಲ, ನೋಡಿದೆ. ಸಮಾಧಾನ ಆತು.’

‘ಸಿಸ್ಟರ್, ಸೂಜಿ ಚುಚ್ಚೋ ಮುಂಚೆ ಅಮ್ಮಂಗೆ ಹೇಳಿ ಚುಚ್ಚಿದ್ರಿ. ಅವರು ಹೆದರಲಿಲ್ಲ.’

ಮೂರನೆಯ ತುಂಡು ಕೈಬಿಟ್ಟರೂ ನಡೆಯುತ್ತದೆ, ಎರಡನೆಯದು ಬಿಟ್ಟರೆ ನಡೆಯುವುದಿಲ್ಲ. ನಡುವೆ ‘ಆದರೆ’, ‘ಆದ್ರೂ’ ಬರಬಾರದು. ‘ಚಟ್ನಿ ಸ್ವಲ್ಪ ನೀರಾಗಿತ್ತು, ಆದ್ರೂ ದೋಸೆ ಚೆನ್ನಾಗಿತ್ತು’ ಅಂದರೆ ಅವರ ತಲೆಯಲ್ಲಿ ಸಂಜೆಯವರೆಗೆ ಉಳಿಯುವುದು ಚಟ್ನಿ. ದೂರಿದ್ದರೆ ಬೇರೆ ಹೊತ್ತಿನಲ್ಲಿ ಹೇಳಿ. ಹೋಲಿಕೆಯೂ ಬೇಡ. ‘ಆ ಸರ್ಕಲ್ ಹೋಟೆಲಿಗಿಂತ ನಿಮ್ದೇ ವಾಸಿ’ ಎಂದರೆ ಅಡುಗೆಯವರಿಗೆ ಸುಖವಾಗುವುದಕ್ಕಿಂತ ಗಲ್ಲಾದವರಿಗೆ ಹುರುಪು ಬರುತ್ತದೆ, ಅಷ್ಟೇ. ‘ಪರವಾಗಿಲ್ಲ ರೀ’ ಅನ್ನುವುದನ್ನು ನಮ್ಮಲ್ಲಿ ಮೆಚ್ಚುಗೆಯಾಗಿ ಬಳಸುವವರಿದ್ದಾರೆ. ಗುರುತಿಲ್ಲದವರಿಗೆ ಅದು ಮೆಚ್ಚುಗೆಯಾಗಿ ಕೇಳಿಸುವುದಿಲ್ಲ.

ಹಂತ 3: ಕರೆಯುವ ಪದ

ಗಂಡಸರಿಗೆ ‘ಅಣ್ಣ’, ಹೆಂಗಸರಿಗೆ ‘ಅಕ್ಕ’ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಬಹುಪಾಲು ಎಲ್ಲೆಡೆ ಸಲ್ಲುತ್ತವೆ. ವಯಸ್ಸಾದವರಿಗೆ ‘ಯಜಮಾನ್ರೆ’, ‘ಅಮ್ಮ’. ‘ಅಜ್ಜಿ’ ಅನ್ನಲು ಅವಸರ ಬೇಡ. ತಲೆ ಬೆಳ್ಳಗಾದವರೆಲ್ಲ ಅಜ್ಜಿ ಅನ್ನಿಸಿಕೊಳ್ಳಲು ತಯಾರಿರುವುದಿಲ್ಲ. ಮಂಡಕ್ಕಿ ಭಟ್ಟಿ, ಗ್ಯಾರೇಜಿನ ಕಡೆ ‘ಭಾಯ್’ ಎಂದು ಎಲ್ಲರೂ ಕರೆಯುತ್ತಿದ್ದರೆ ನೀವೂ ಕರೆಯಿರಿ, ಇಲ್ಲವಾದರೆ ‘ಅಣ್ಣ’ನೇ ಸಾಕು. ಸಮವಸ್ತ್ರದಲ್ಲಿರುವವರಿಗೆ ‘ಸರ್’, ‘ಮೇಡಂ’, ‘ಸಿಸ್ಟರ್’.

ಇಷ್ಟಾದ ಮೇಲೂ ಏಕವಚನ ಬಂದರೆ ಎಲ್ಲ ನೀರಿಗೆ ಹಾಕಿದಂತೆ. ‘ಏನಪ್ಪಾ, ಚೆನ್ನಾಗಿ ಮಾಡ್ತೀಯಲ್ಲ’ ಎಂಬುದು ಮೆಚ್ಚುಗೆ ಅಲ್ಲ, ಧಣಿ ಆಳಿಗೆ ಬೆನ್ನು ತಟ್ಟಿದ ಹಾಗೆ. ತಟ್ಟೆ ತೆಗೆಯುವ ಹುಡುಗನಿಗೂ ‘ತಮ್ಮಾ’ ಎಂದು ಕರೆದು ‘ನೀವು’ ಹಚ್ಚಿ ಮಾತಾಡಬಹುದು. ಮೊದಲ ಸಲ ಅವನು ನಗುತ್ತಾನೆ, ಅಷ್ಟೇ.

ಹಂತ 4: ಹೊತ್ತು ಮತ್ತು ಜಾಗ

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಕಾವಲಿ ತುಂಬ ದೋಸೆ ಇರುವಾಗ ಯಾರೂ ನಿಮ್ಮ ಮಾತು ಕೇಳುವ ಸ್ಥಿತಿಯಲ್ಲಿರುವುದಿಲ್ಲ. ಒಂದು ಸಾಲು ತೆಗೆದು ಇನ್ನೊಂದು ಸಾಲು ಹೊಯ್ಯುವ ಮೊದಲು ಕಾವಲಿ ಒರೆಸುವ ಗಳಿಗೆ ಬರುತ್ತದಲ್ಲ, ಆಗ ಹೇಳಿ. ಹಮಾಲರ ಬೆನ್ನ ಮೇಲೆ ಜೋಳದ ಚೀಲ ಇರುವಾಗ ಮಾತಾಡಿಸಬೇಡಿ, ಚೀಲ ಇಳಿಸಿ ಟವೆಲ್‌ನಲ್ಲಿ ಮುಖ ಒರೆಸಿಕೊಳ್ಳುವಾಗ ಮಾತಾಡಿಸಿ. ಬಸ್ಸು ಓಡುವಾಗ ಡ್ರೈವರಿಗೆ ಏನೂ ಹೇಳಬೇಡಿ. ಕೊನೇ ನಿಲ್ದಾಣದಲ್ಲಿ ಇಳಿದು, ಅವರ ಕಿಟಕಿಯ ಕೆಳಗೆ ಹೋಗಿ ಹೇಳಿದರೆ ಸರಿ.

ದುಡ್ಡಿನ ವ್ಯವಹಾರವಿದ್ದರೆ ಮೊದಲು ಅದು ಮುಗಿಯಲಿ. ಕಂಬಳಿ ಸಂತೆಯಲ್ಲಿ ಚೌಕಾಸಿಗೆ ಮುಂಚೆ ಹೊಗಳಿದರೆ ಬೆಲೆ ಇಳಿಯುವುದಿಲ್ಲ; ಚೌಕಾಸಿ ನಡುವೆ ಹೊಗಳಿದರೆ ಅದು ಆಟ ಎಂದು ಅವರಿಗೆ ಗೊತ್ತು. ಹಣ ಎಣಿಸಿ ಕೊಟ್ಟು, ಕಂಬಳಿ ಹೆಗಲಿಗೆ ಹಾಕಿಕೊಂಡ ಮೇಲೆ ಹೇಳಿದ ಮಾತಿಗೆ ಯಾವ ಅನುಮಾನವೂ ಅಂಟುವುದಿಲ್ಲ. ಕೋಟೆಯ ಗೈಡ್‌ಗೂ ಇದೇ ಕ್ರಮ, ಫೀಸು ಮೊದಲು, ಮಾತು ಆಮೇಲೆ. ಟಿಪ್ಸ್ ಕೊಡುವ ರೂಢಿ ಇರುವ ಕಡೆ ಟಿಪ್ಸನ್ನೂ ಕೊಡಿ. ಮೆಚ್ಚುಮಾತು ಕೇಳಿದಾಗ ಮಿದುಳಿನಲ್ಲಿ ಹಣ ಸಿಕ್ಕಾಗ ಚುರುಕಾಗುವ ಭಾಗವೇ ಚುರುಕಾಗುತ್ತದೆ ಎಂದು ಜಪಾನಿನ ಸಂಶೋಧಕರು 2008ರಲ್ಲಿ ತೋರಿಸಿದ್ದು ನಿಜ. ಆದರೆ ಮನೆ ಬಾಡಿಗೆ ಕಟ್ಟುವಾಗ ಮಿದುಳು ನೋಡಿ ಯಾರೂ ಬಿಡುವುದಿಲ್ಲ.

ದೂರ ಎರಡು ಮಾರು ಬೇಡ, ಅರ್ಧ ಮಾರೂ ಬೇಡ, ನಾಲ್ಕೈದು ಅಡಿ. ಕೈ ಕುಲುಕುವುದು, ಹೆಗಲ ಮೇಲೆ ಕೈ ಹಾಕುವುದು ಬೇಡ. ಫೋನ್ ಜೇಬಿನಲ್ಲಿರಲಿ. ವಿಡಿಯೊ ಮಾಡುತ್ತಾ ಹೊಗಳಿದರೆ ಅದು ಅವರಿಗಾಗಿ ಅಲ್ಲ, ನಿಮ್ಮ ರೀಲ್ಸಿಗಾಗಿ ಎಂದು ಎದುರಿನವರಿಗೆ ಕ್ಷಣದಲ್ಲಿ ಹೊಳೆಯುತ್ತದೆ.

ಒಂದು ಸಣ್ಣ ಉಪಾಯವಿದೆ, ಇದು ಕೆಲಸ ಮಾಡುವಷ್ಟು ಬೇರೆ ಯಾವುದೂ ಮಾಡುವುದಿಲ್ಲ. ಅಡುಗೆಯವರಿಗೆ ಹೇಳಿದ ಮಾತನ್ನೇ ಗಲ್ಲಾದಲ್ಲಿ ಕುಳಿತ ಮಾಲೀಕರಿಗೂ, ಅಡುಗೆಯವರಿಗೆ ಕೇಳಿಸುವಂತೆ ಹೇಳಿ. ‘ಕಾವಲಿ ಮುಂದೆ ನೀಲಿ ಅಂಗಿ ಹಾಕಿರೋ ಅಣ್ಣ ಭಾಳ ಚೆನ್ನಾಗಿ ಬೇಯಿಸ್ತಾರೆ’ ಎಂದು ಆಳನ್ನು ಗುರುತಿಸಿ ಹೇಳಬೇಕು, ‘ನಿಮ್ ಹೋಟ್ಲು ಚೆನ್ನಾಗೈತಿ’ ಎಂದಲ್ಲ. ಮುಂದೆ ಕೂಲಿ ಹೆಚ್ಚಿಸುವ ಮಾತು ಬಂದಾಗ ಗಿರಾಕಿ ಹೇಳಿದ್ದು ನೆನಪಾಗುವುದು ಮಾಲೀಕರಿಗೆ.

ಹಂತ 5: ಹೊರಡುವುದು

ಹೇಳಿದ ಮೇಲೆ ಅಲ್ಲೇ ನಿಂತರೆ ಮಾತು ಸಾಲವಾಗುತ್ತದೆ. ಅವರು ಏನಾದರೂ ತಿರುಗಿ ಹೇಳಬೇಕು, ಇಲ್ಲವೇ ಕೊಡಬೇಕು ಎಂಬ ಇಕ್ಕಟ್ಟಿಗೆ ಬೀಳುತ್ತಾರೆ. ‘ಬರ್ತೀನ್ರೀ’ ಎಂದು ಕಾಲು ತೆಗೆಯಿರಿ.

ನಮ್ಮ ಕಡೆ ಬರುವ ಉತ್ತರಗಳು ಬಹುಮಟ್ಟಿಗೆ ಗೊತ್ತಿರುವಂಥವು. ‘ಅಯ್ಯೋ, ಅದ್ರಾಗೇನೈತಿ ಬಿಡ್ರಿ’ ಅಂದರೆ ಮಾತು ತಲುಪಿತು ಎಂದೇ ಅರ್ಥ; ಇಲ್ಲ ಇಲ್ಲ ಎಂದು ವಾದ ಮಾಡಬೇಡಿ. ‘ಎಲ್ಲಾ ಅವನ ದಯೆ’ ಅಂದರೆ ‘ಹೌದು’ ಅನ್ನಿ. ‘ಏನಾಗ್ಬೇಕಿತ್ತು?’ ಎಂದು ಹುಬ್ಬೇರಿಸಿದರೆ, ‘ಏನೂ ಇಲ್ಲ, ಹೇಳ್ಬೇಕನ್ನಿಸ್ತು, ಬರ್ತೀನಿ’. ಈ ಉತ್ತರಕ್ಕೆ ನೀವು ನಿಜವಾಗಿಯೂ ಹೊರಟರೆ ಮಾತ್ರ ಬೆಲೆ. ಕೆಲವರು ಏನೂ ಹೇಳದೆ ಕೆಲಸಕ್ಕೆ ಮರಳುತ್ತಾರೆ, ಮುಖವೂ ಸಡಿಲಾಗುವುದಿಲ್ಲ. ಅದಕ್ಕೆ ಬೇಸರ ಬೇಡ. ಕೇಳಿ ರೂಢಿಯಿಲ್ಲದವರಿಗೆ ಮುಖದಲ್ಲಿ ಏನು ತೋರಿಸಬೇಕೆಂದು ಗೊತ್ತಾಗುವುದಿಲ್ಲ.

ಮಂಡಕ್ಕಿಯವರು ಇನ್ನೊಂದು ಹಿಡಿ ಹಾಕಿದರೆ ತಗೊಳ್ಳಿ. ದುಡ್ಡು ಬೇಡ ಅಂದರೆ ಮಾತ್ರ ಒಪ್ಪಬೇಡಿ, ತೂಕದ ಪಕ್ಕ ಇಟ್ಟು ನಡೆಯಿರಿ. ಯಾರಾದರೂ ಕಣ್ಣಲ್ಲಿ ನೀರು ತಂದುಕೊಂಡರೆ ಆಗ ಹೊರಡುವ ನಿಯಮ ಬಿಡಿ, ಅವರ ಮಾತು ಮುಗಿಯುವವರೆಗೆ ನಿಂತಿರಿ. ಸಮಾಧಾನ ಹೇಳುವ ಅಗತ್ಯವಿಲ್ಲ.

ದೃಷ್ಟಿಯ ವಿಷಯ

ಹೊರಗಿನ ಸಲಹೆಗಳನ್ನು ಹಾಗೇ ಇಲ್ಲಿ ತಂದರೆ ಎಡವುವುದು ಇಲ್ಲೇ. ಬಸ್ಸಿನಲ್ಲಿ ಪಕ್ಕದ ಸೀಟಿನ ತಾಯಿಯ ಮಡಿಲಲ್ಲಿ ಮಗು, ಕೆನ್ನೆಗೆ ಕಪ್ಪು ಬೊಟ್ಟು. ‘ಎಷ್ಟು ದುಂಡಗೈತಿ ಕೂಸು!’ ಎಂದು ನೀವು ಮೆಚ್ಚಿದಿರಿ. ಆ ತಾಯಿ ಸೆರಗಿನಿಂದ ಮಗುವನ್ನು ಮುಚ್ಚಿಕೊಂಡರು. ಆ ರಾತ್ರಿ ಮಗು ಹಟ ಮಾಡಿದರೆ ಉಪ್ಪು, ಒಣಮೆಣಸಿನಕಾಯಿ, ಪರಕೆ ಕಡ್ಡಿ ತಗೊಂಡು ನಿವಾಳಿಸುವಾಗ ಅವರ ನೆನಪಿಗೆ ಬರುವುದು ನಿಮ್ಮ ಮುಖ. ನೀವು ದೃಷ್ಟಿ ನಂಬುತ್ತೀರೋ ಇಲ್ಲವೋ ಬೇರೆ ವಿಷಯ. ಅವರಿಗೆ ಒಂದು ರಾತ್ರಿಯ ಅಳುಕು ಕೊಟ್ಟದ್ದು ನಿಜ.

ಮೈಯನ್ನು, ಬಣ್ಣವನ್ನು, ಊಟವನ್ನು ಬಿಟ್ಟು ಮಗು ಮಾಡಿದ್ದನ್ನು ಹೇಳಿ: ‘ಗಲಾಟೆ ಮಾಡದಂಗೆ ಕಿಟಕಿ ನೋಡ್ಕೋತ ಬಂತು.’ ಅಥವಾ ತಾಯಿಯ ಶ್ರಮವನ್ನು ಹೇಳಿ: ‘ಇಷ್ಟು ಬಿಸಿಲಾಗೆ ಎಷ್ಟು ಸಮಾಧಾನದಿಂದ ನೋಡ್ಕೊಂಡ್ರಿ.’ ಕೊನೆಗೆ ‘ಚೆನ್ನಾಗಿರಲಿ’, ‘ನೂರು ವರ್ಷ ಬಾಳಲಿ’ ಎಂದು ಹರಸಿದರೆ ಮಾತಿನ ಬಾಯಿ ಕಟ್ಟಿದಂತೆ. ತಪ್ಪಿ ಮೊದಲೇ ಬಾಯಿಂದ ಬಂದುಬಿಟ್ಟಿದ್ದರೆ, ‘ನನ್ ಕಣ್ಣೇ ಬಿದ್ದೀತು, ಮನೆಗೆ ಹೋದ್ಮೇಲೆ ನಿವಾಳಿಸಿಬಿಡ್ರಿ’ ಎಂದು ನೀವೇ ನಗುತ್ತ ಹೇಳಿ. ಅವರ ಮುಖ ಅರಳುತ್ತದೆ.

ದನದ ವಿಷಯದಲ್ಲಿ ಕೆಚ್ಚಲು ಹೊಗಳಬೇಡಿ, ‘ಎಷ್ಟು ಲೀಟರ್ ಕೊಡ್ತದೆ’ ಎಂದು ಕೇಳಲೂಬೇಡಿ. ಎತ್ತಿನ ಹೆಗಲು ನೋಡಿ. ನೊಗ ಉಜ್ಜಿ ಗಾಯವಾಗದಿದ್ದರೆ, ಗೊರಸು ಸ್ವಚ್ಛವಿದ್ದರೆ ಅದು ಸಾಕಿದವರ ಕಾಳಜಿ. ‘ಹೆಗಲ ಮೇಲೆ ಒಂದು ಗೀರಿಲ್ಲ ಯಜಮಾನ್ರೆ’ ಎಂದರೆ ಹೊಗಳಿದ್ದು ಎತ್ತನ್ನಲ್ಲ, ಅವರನ್ನು. ಬೆಳೆಗೂ ಹೀಗೆ. ಹಿರಿಯೂರು, ಚಳ್ಳಕೆರೆ ಕಡೆ ಈರುಳ್ಳಿ ಹೊಲದ ಬದುವಿನಲ್ಲಿ ನಿಂತು ‘ಭರ್ಜರಿ ಬೆಳೆ ಬಂದೈತೆ’ ಅಂದರೆ ರೈತರಿಗೆ ದೃಷ್ಟಿ ಒಂದು ಕಡೆ, ಎಲ್ಲರಿಗೂ ಹೀಗೇ ಬಂದು ರೇಟು ಬಿದ್ದೀತೆಂಬ ದಿಗಿಲು ಇನ್ನೊಂದು ಕಡೆ. ‘ಕಳೆ ಒಂದೂ ಇಲ್ಲ, ಸಾಲು ದಾರ ಹಿಡಿದಂಗೆ ಐತೆ’ ಅನ್ನಿ. ಗೇಯ್ಮೆಗೆ ದೃಷ್ಟಿ ತಾಗುವುದಿಲ್ಲ. ಅಂಗಡಿಯವರಿಗೆ ‘ವ್ಯಾಪಾರ ಜೋರು’ ಅನ್ನುವುದಂತೂ ಬೇಡವೇ ಬೇಡ. ಅವರಿಗೆ ದೃಷ್ಟಿಯ ಜೊತೆ ಟ್ಯಾಕ್ಸ್‌ನವರ ನೆನಪೂ ಆಗುತ್ತದೆ.

ಹೆಣ್ಣುಮಕ್ಕಳಿಗೆ ಹೇಳುವಾಗ

ಗಂಡಸರು ಗುರುತಿಲ್ಲದ ಹೆಣ್ಣುಮಕ್ಕಳಿಗೆ ಮೈ, ಮುಖ, ಬಟ್ಟೆ, ನಗು, ದನಿ ಇವುಗಳ ಬಗ್ಗೆ ಏನೂ ಹೇಳಬಾರದು. ‘ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು’ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ದಿನವೂ ಬಸ್‌ಸ್ಟ್ಯಾಂಡಿನಲ್ಲಿ ಕೆಟ್ಟ ಮಾತು ಕೇಳುವವರಿಗೆ ನಿಮ್ಮ ಮನಸ್ಸನ್ನು ಬಿಡಿಸಿ ನೋಡುವ ಬಿಡುವಿಲ್ಲ, ಅದು ಅವರ ಕೆಲಸವೂ ಅಲ್ಲ. ಕೆಲಸದ ಬಗ್ಗೆ ಮಾತ್ರ, ಕೆಲಸದ ಜಾಗದಲ್ಲಿ, ನಾಲ್ಕು ಜನ ಇರುವಾಗ, ಒಂದೇ ಸಲ. ಹೆಸರು ಕೇಳಬೇಡಿ, ಅದೇ ಹೊತ್ತಿಗೆ ಮರುದಿನ ಮತ್ತೆ ಬಂದು ನಿಲ್ಲಬೇಡಿ. ಲೈಂಗಿಕ ಧ್ವನಿಯ ಮಾತು, ಬೇಡವೆಂದರೂ ಹಿಂಬಾಲಿಸುವುದು ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಪರಾಧ. ಒಬ್ಬರೇ ಇರುವ ದಾರಿಯಲ್ಲಿ, ಕತ್ತಲಾದ ಮೇಲೆ, ಲಿಫ್ಟಿನಲ್ಲಿ ಎಷ್ಟೇ ಒಳ್ಳೆ ಮಾತಿದ್ದರೂ ನುಂಗಿಕೊಳ್ಳಿ.

ಹೆಂಗಸರು ಹೆಂಗಸರಿಗೆ ಹೇಳುವುದಕ್ಕೆ ಇಷ್ಟು ಬೇಲಿ ಬೇಕಿಲ್ಲ. ಸೀರೆ, ಮುಡಿದ ಹೂವು, ಜಾತ್ರೆಯಲ್ಲಿ ತೊಟ್ಟ ಬಳೆ ಎಲ್ಲ ನಡೆಯುತ್ತದೆ. ‘ಎಷ್ಟಕ್ಕೆ ತಗೊಂಡ್ರಿ?’ ಎಂಬ ಪ್ರಶ್ನೆ ಹಿಂದೆಯೇ ಬಾರದಿದ್ದರೆ ಇನ್ನೂ ಒಳ್ಳೆಯದು.

ಒಳ್ಳೆ ಮನಸ್ಸಿನಿಂದಲೇ ಕೆಡುವ ಮಾತುಗಳು

‘ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಿ!’ ಎರಡು ವರ್ಷದ ಹಿಂದೆ ಉತ್ತರದಿಂದ ಬಂದು ಪಾನಿಪುರಿ ಗಾಡಿ ಇಟ್ಟವರಿಗೆ ಇದು ಹಬ್ಬ. ಇದೇ ಮಾತನ್ನು ಮನೆಯಲ್ಲಿ ಉರ್ದು, ತೆಲುಗು ಅಥವಾ ಲಂಬಾಣಿ ಆಡುವ ಚಿತ್ರದುರ್ಗದವರಿಗೆ ಹೇಳಿದರೆ, ಅಜ್ಜನ ಕಾಲದಿಂದ ಇದೇ ಊರಿನಲ್ಲಿ ಇರುವವರನ್ನು ಹೊರಗಿನವರು ಎಂದಂತೆ. ಮೊದಲು ಎಲ್ಲಿಯವರೆಂದು ಗೊತ್ತಿದ್ದರೆ ಹೇಳಿ, ಊಹೆಯ ಮೇಲೆ ಬೇಡ.

‘ಕಪ್ಪಗಿದ್ರೂ ಲಕ್ಷಣವಾಗಿದ್ದೀರಿ’, ‘ಈ ವಯಸ್ಸಲ್ಲೂ’, ‘ಓದಿಲ್ಲದಿದ್ರೂ’, ‘ನೋಡಿದ್ರೆ ನೀವು ಆ ಜಾತಿಯವರು ಅನ್ಸೋದೇ ಇಲ್ಲ’. ಇವೆಲ್ಲ ಒಂದೇ ಅಚ್ಚಿನವು. ಮುಂದಿನ ಅರ್ಧ ಮೆಚ್ಚುವ ಹೊತ್ತಿಗೆ ಹಿಂದಿನ ಅರ್ಧ ಹೊಡೆದಾಗಿರುತ್ತದೆ.

ಬೆಳಗಿನ ಜಾವ ರಸ್ತೆ ಗುಡಿಸುವ ಪೌರಕಾರ್ಮಿಕರಿಗೆ ‘ನೀವು ದೇವರಿದ್ದಂಗೆ’ ಎನ್ನುವುದೂ ಈ ಪಟ್ಟಿಗೇ ಸೇರಬೇಕು. ದೇವರಿಗೆ ಸಂಬಳ, ಗ್ಲೌಸ್, ರಜೆ ಬೇಕಾಗುವುದಿಲ್ಲ, ಅವರಿಗೆ ಬೇಕು. ‘ಅಕ್ಕ, ನಿನ್ನೆ ಮಳೆಗೆ ಈ ಚರಂಡಿ ಕಟ್ಟಿತ್ತು, ಇವತ್ತು ನೀರು ಸರಾಗ ಹೋಗ್ತೈತಿ’ ಎಂದು ಕೆಲಸವನ್ನು ಕೆಲಸವಾಗಿಯೇ ಕಂಡು ಹೇಳಿ. ಅವರ ಮುಂದೆ ಕಸ ಬೇರ್ಪಡಿಸಿ ಕೊಟ್ಟರೆ ಮಾತು ಇನ್ನೂ ಗಟ್ಟಿಯಾಗುತ್ತದೆ.

ರೂಢಿ ಮಾಡಿಕೊಳ್ಳುವ ಕ್ರಮ

ಮೊದಲ ವಾರ ಬಾಯಿ ತೆರೆಯಬೇಡಿ. ದಿನಕ್ಕೆ ಒಬ್ಬರ ಕೆಲಸ ನೋಡಿ, ಕೆಡದೇ ಇರುವುದೊಂದನ್ನು ಗುರುತಿಸಿ, ಮನಸ್ಸಿನಲ್ಲೇ ಮಾತು ಕಟ್ಟಿ. ಎರಡನೆಯ ವಾರ ನಿಮಗೆ ಹೇಗೂ ಮಾತಾಡಲೇಬೇಕಾದವರಿಗೆ ಹೇಳಿ: ಕಂಡಕ್ಟರ್, ಹೋಟೆಲಿನವರು, ಮೆಡಿಕಲ್ ಶಾಪಿನವರು. ಇವರ ಮುಂದೆ ನಿಲ್ಲಲು ನೆಪ ಹುಡುಕಬೇಕಿಲ್ಲ. ಮೂರನೆಯ ವಾರದಿಂದ ನಿಮಗೆ ಕೆಲಸವಿಲ್ಲದವರ ಕಡೆ ಹೋಗಬಹುದು. ದಾವಣಗೆರೆಯ ಕುಂದವಾಡ ಕೆರೆ ಏರಿಯ ಮೇಲೆ ಬೆಳಿಗ್ಗೆ ನಡೆಯುವಾಗ ಗಿಡಕ್ಕೆ ನೀರು ಬಿಡುತ್ತಿರುವವರು ಸಿಕ್ಕರೆ, ಅವರು ಒಳ್ಳೆಯ ಆರಂಭ. ದಿನಕ್ಕೆ ಒಂದು ಸಾಕು. ಹೇಳಲೇಬೇಕೆಂದು ಲೆಕ್ಕ ಹಿಡಿದರೆ ಸುಳ್ಳು ಸೇರಿಕೊಳ್ಳುತ್ತದೆ. ಮೆಚ್ಚುವಂಥದ್ದು ಕಾಣದ ದಿನ ಸುಮ್ಮನಿರುವುದೇ ಸರಿ.

ಬರೆದು ತಿಳಿಸುವುದು

ಸರ್ಕಾರಿ ಬಸ್ಸು, ಆಸ್ಪತ್ರೆ, ಅಂಚೆ ಕಚೇರಿಯಲ್ಲಿ ಬಾಯಿಮಾತಿಗಿಂತ ಒಂದು ಪುಟದ ಪತ್ರ ದೂರ ಹೋಗುತ್ತದೆ. ಅಲ್ಲಿಗೆ ದೂರಿನ ಪತ್ರ ಬರುವುದು ರೂಢಿ, ಮೆಚ್ಚುಗೆಯ ಪತ್ರ ಅಪರೂಪ. ಕಂಡಕ್ಟರ್ ಬಗ್ಗೆ ಬರೆಯುವುದಾದರೆ ವಿಳಾಸ ಆಯಾ ಘಟಕದ (ಡಿಪೊ) ವ್ಯವಸ್ಥಾಪಕರಿಗೆ. ದಿನಾಂಕ, ಹೊತ್ತು, ಎಲ್ಲಿಂದ ಎಲ್ಲಿಗೆ, ಬಸ್ಸಿನ ನೋಂದಣಿ ಸಂಖ್ಯೆ ಇರಲೇಬೇಕು. ನಮ್ಮ ಕಡೆಯ ಬಸ್ಸುಗಳಲ್ಲಿ ಅದು ಹೆಚ್ಚಾಗಿ ಕೆಎ-17 ಅಥವಾ ಕೆಎ-16ರಿಂದ ಶುರುವಾಗುತ್ತದೆ, ಮುಂದೆ ಎಫ್ ಅಕ್ಷರ, ಆಮೇಲೆ ಅಂಕಿಗಳು, ಪೂರ್ತಿ ಬರೆದುಕೊಳ್ಳಿ. ಟಿಕೆಟ್ ಎಸೆಯದೆ ಅದರ ಫೋಟೊ ಪ್ರತಿ ಲಗತ್ತಿಸಿದರೆ ಆ ಹೊತ್ತಿನ ಸಿಬ್ಬಂದಿ ಯಾರೆಂದು ಅವರಿಗೆ ಹುಡುಕುವುದು ಸುಲಭ.

ಒಕ್ಕಣೆಯಲ್ಲಿ ‘ಉತ್ತಮ ಸೇವೆ’ ಎಂದಷ್ಟೇ ಬರೆದರೆ ಫೈಲಿಗೆ ಹೋಗುತ್ತದೆ. ನಡೆದದ್ದನ್ನು ಮೂರು ಸಾಲಿನಲ್ಲಿ ಬರೆಯಿರಿ. ಆದರೆ ಸಿಬ್ಬಂದಿ ನಿಮಗಾಗಿ ನಿಯಮ ಸಡಿಲಿಸಿದ್ದನ್ನು ಮೆಚ್ಚಿ ಬರೆಯಬೇಡಿ. ನಿಲುಗಡೆ ಇಲ್ಲದ ಕಡೆ ಇಳಿಸಿದ್ದು, ಹೊತ್ತು ಮೀರಿದ ಮೇಲೆ ವಾರ್ಡಿಗೆ ಬಿಟ್ಟದ್ದು ನಿಮಗೆ ಉಪಕಾರವಾದರೂ ಕಾಗದದ ಮೇಲೆ ಬಂದರೆ ಅವರಿಗೆ ನೋಟಿಸು ಬಂದೀತು. ಅಂಥದ್ದನ್ನು ಅವರ ಮುಂದೆಯೇ, ಮೆಲ್ಲಗೆ ಹೇಳಿ ಮುಗಿಸಿ. ಪತ್ರದ ಕೆಳಗೆ ನಿಮ್ಮ ಹೆಸರು, ಫೋನ್ ನಂಬರ್ ಇರಲಿ. ಹೆಸರಿಲ್ಲದ ಹೊಗಳಿಕೆಯನ್ನು ಆ ಕಂಡಕ್ಟರೇ ಬರೆಸಿರಬೇಕು ಎಂದುಕೊಳ್ಳುವವರಿದ್ದಾರೆ.